‘ಚುಕ್ಕೆ ಬೆಸುಗೆ’ ಎಂದರೆ ಸ್ಪಾಟೋ, ಟ್ಯಾಕೋ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳಬೇಕಾಗಿದೆ.

ಹಳೆಯ ಕಾರುಗಳ ತುಕ್ಕು ತೆಗೆದು ಅವನ್ನು ಮತ್ತೆ ಓಡುವಂತೆ ಮಾಡುವುದು ನನ್ನ ಹವ್ಯಾಸ. ಇದೇ ಹವ್ಯಾಸದ ಗೆಳೆಯರೊಬ್ಬರು, ಕಾರಿನ ತಳದ ತಗಡು ತೂತಾಗಿದೆ, ತೇಪೆ ಕೂರಿಸುವುದು ಹೇಗೆ ಎಂದು ಕೇಳಿದರು. ನಾನು ಕನ್ನಡದಲ್ಲೇ ಬರೆದೆ: ‘ತೇಪೆಯ ಸುತ್ತ ಇಂಚಿಗೊಂದರಂತೆ ಚುಕ್ಕೆ ಬೆಸುಗೆ ಹಾಕಿ, ತಣಿದ ಮೇಲೆ ಬೆಸುಗೆ ಪೂರ್ತಿ ಮಾಡಿ, ಉಜ್ಜಿ ಸಮ ಮಾಡಿ.’ ಅವರು ಅಷ್ಟನ್ನೂ ಮಾಡಿದರು. ಆದರೆ ‘ಪೂರ್ತಿ ಮಾಡಿ’ ಎಂಬುದನ್ನು ಅವರು ಚುಕ್ಕೆಗಳನ್ನು ಸುತ್ತಲೂ ಹಾಕಿ ಮುಗಿಸಿ ಎಂದು ಓದಿಕೊಂಡಿದ್ದರು. ಬಣ್ಣವನ್ನೂ ಬಳಿದು, ಪರೀಕ್ಷೆಗೆಂದು ಕೆಳಗಿನಿಂದ ನೀರು ಹಾಯಿಸಿದಾಗ ಚುಕ್ಕೆ ಚುಕ್ಕೆಯ ನಡುವಿನಿಂದ ನೀರು ಒಸರಿತು. ‘ಕಾರ್ಖಾನೆಯವರು ಹಾಕುವುದೂ ಚುಕ್ಕೆ ಬೆಸುಗೆಯೇ ಅಲ್ಲವೇ? ಅವರೇನೂ ನಡುವೆ ತುಂಬುವುದಿಲ್ಲವಲ್ಲ’ ಎಂದರು. ಅವರ ಮಾತು ಸರಿ. ತಪ್ಪಿದ್ದದ್ದು ನನ್ನ ಪದದಲ್ಲಿ.

ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್‌ನಲ್ಲಿ ಎರಡು ತಗಡುಗಳನ್ನು ಒಂದರ ಮೇಲೊಂದು ಇಟ್ಟು, ಎರಡು ತಾಮ್ರದ ತುದಿಗಳ ನಡುವೆ ಒತ್ತಿ ಹಿಡಿದು, ಭಾರಿ ಕರೆಂಟು ಹರಿಸುತ್ತಾರೆ. ತಗಡುಗಳು ತಾಗುವ ಕಡೆ ಉಕ್ಕು ಕರಗಿ ಒಂದಾಗುತ್ತದೆ. ಹೊರಗೆ ಕಾಣುವುದು ದುಂಡಗಿನ ಒಂದು ಸಣ್ಣ ತಗ್ಗು ಮಾತ್ರ. ಕೆಲಸ ಅಲ್ಲಿಗೆ ಮುಗಿಯಿತು. ನಾನು ಹೇಳಹೊರಟಿದ್ದು ಟ್ಯಾಕ್, ಅಂದರೆ ತೇಪೆ ಅಲುಗದಂತೆ ಮೊದಲು ಅಲ್ಲಲ್ಲಿ ಹಾಕುವ ಸಣ್ಣ ಬೆಸುಗೆ. ಅದು ಹಾಗಲ್ಲ, ಅದು ಕೆಲಸದ ಆರಂಭ. ಕಾರಿನ ಮೈಯ ತಗಡು ಸಾಮಾನ್ಯವಾಗಿ 0.8ರಿಂದ 1 ಮಿಲಿಮೀಟರ್ ದಪ್ಪ. ಅದರ ಮೇಲೆ ಒಂದೇ ಸಮನೆ ಬೆಸುಗೆ ಎಳೆದರೆ ಕಾದ ಜಾಗ ತಣಿಯುವಾಗ ಸೆಳೆದುಕೊಂಡು ಇಡೀ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಇಲ್ಲೊಂದು, ಎದುರು ಬದಿಯಲ್ಲೊಂದು ಎಂದು ದೂರ ದೂರದಲ್ಲಿ ಟ್ಯಾಕ್ ಹಾಕಿ, ಕೈಯಿಟ್ಟರೆ ಸುಡದಷ್ಟು ತಣಿಯಲು ಬಿಟ್ಟು, ಹಾಗೆಯೇ ಸ್ವಲ್ಪ ಸ್ವಲ್ಪವಾಗಿ ನಡುವಿನ ಜಾಗವನ್ನು ಕೂಡಿಸುತ್ತಾ ಬರಬೇಕು.

‘ಚುಕ್ಕೆ ಬೆಸುಗೆ’ಯನ್ನು ಸ್ಪಾಟ್‌ಗೇ ಬಿಟ್ಟುಕೊಡೋಣ. ಹಾಗಾದರೆ ಟ್ಯಾಕ್‌ಗೆ ಏನನ್ನಬೇಕು? ದರ್ಜಿಗಳ ‘ಕಚ್ಚಾ ಹೊಲಿಗೆ’ಯ ಜಾಡಿನಲ್ಲಿ ‘ಕಚ್ಚಾ ಬೆಸುಗೆ’ ಎನ್ನೋಣವೆಂದುಕೊಂಡೆ. ಆದರೆ ಕೇಳಿದವರಿಗೆ ಅದು ಕಳಪೆ ಕೆಲಸದಂತೆ ಕೇಳಿಸುತ್ತದೆ. ಕಚ್ಚಾ ಹೊಲಿಗೆಯನ್ನು ಕೊನೆಗೆ ಬಿಚ್ಚಿ ತೆಗೆಯುತ್ತಾರೆ, ಟ್ಯಾಕ್ ಬೆಸುಗೆಯ ಒಳಗೇ ಸೇರಿಹೋಗುತ್ತದೆ. ಈ ಕಾರಣಕ್ಕೇ ‘ಹಂಗಾಮಿ ಬೆಸುಗೆ’ಯೂ ನನಗೆ ಒಪ್ಪಿಗೆಯಾಗಲಿಲ್ಲ. ‘ಹಿಡಿಬೆಸುಗೆ’ ಎಂಬುದು ನನಗೆ ಹಿಡಿಸಿದೆ: ತೇಪೆ ಅಲುಗದಂತೆ ಹಿಡಿದಿಡುವ ಬೆಸುಗೆ. ‘ಕುಡಿನೀರು’, ‘ಹುರಿಗಾಳು’ಗಳಂತೆ ಕ್ರಿಯೆಯ ಮೂಲಕ್ಕೆ ನಾಮಪದ ಸೇರಿದ ಜೋಡಿ. ಆದರೆ ‘ಹಿಡಿ’ ಎಂದೊಡನೆ ಮುಷ್ಟಿಯೋ ಕತ್ತಿಯ ಹಿಡಿಯೋ ನೆನಪಾದರೆ ಕಷ್ಟ.

ಇನ್ನೊಂದು ಪದವನ್ನು ನಾನು ಧೈರ್ಯವಾಗಿ ಬಳಸುತ್ತಿದ್ದೇನೆ. ಕರಗಿದ ಲೋಹ ತಗಡಿನ ದಪ್ಪದೊಳಕ್ಕೆ ಇಳಿಯುವುದಕ್ಕೆ ಪೆನೆಟ್ರೇಶನ್ ಎನ್ನುತ್ತಾರೆ. ಅದಕ್ಕೆ ‘ಒಳಹೊಕ್ಕುವಿಕೆ’ ಎಂದು ಬರೆದರೆ ಕೆಲಸ ಮಾಡುವವನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಬೆಸುಗೆ ಕಚ್ಚಿದೆಯೇ ನೋಡಿ’ ಎಂದರೆ ತಕ್ಷಣ ತಿಳಿಯುತ್ತದೆ. ಕಾರಿನ ತಗಡಿನಷ್ಟೇ ದಪ್ಪದ ಎರಡು ಚೂರು ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆದು ಹಿಂದೆ ತಿರುಗಿಸಿ ನೋಡಿ. ಹಿಂಬದಿಯಲ್ಲೂ ಸಣ್ಣ ಏರು ಗೆರೆಯೊಂದು ಎದ್ದಿದ್ದರೆ ಕಚ್ಚಿದೆ. ಹಿಂದೆ ಎರಡು ಅಂಚುಗಳು ಬೇರೆ ಬೇರೆಯಾಗಿಯೇ ಕಾಣುತ್ತಿದ್ದು, ಮುಂದೆ ಲೋಹ ಎರೆಹುಳು ಮಲಗಿದಂತೆ ಉಬ್ಬಿಕೊಂಡಿದ್ದರೆ ಕಚ್ಚಿಲ್ಲ, ಮೇಲೆ ಕೂತಿದೆ ಅಷ್ಟೇ. ಅದನ್ನು ಉಜ್ಜಿ ಸಮ ಮಾಡಿದರೆ ಉಜ್ಜಿದ ಪುಡಿಯ ಜೊತೆ ಬೆಸುಗೆಯೂ ಹೋಗುತ್ತದೆ. ಈ ‘ಕಚ್ಚು’ವಿಗಿಂತ ಒಳ್ಳೆಯ ಮಾತು ನನಗೆ ಹೊಳೆದಿಲ್ಲ.

ಸೋಲ್ಡರಿಂಗ್‌ಗೂ ವೆಲ್ಡಿಂಗ್‌ಗೂ ‘ಬೆಸುಗೆ’ ಎಂದೇ ಹೇಳುವುದು ಗೊಂದಲವಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೆಸೆಯುವುದೆಲ್ಲ ಬೆಸುಗೆಯೇ, ‘ತವರದ ಬೆಸುಗೆ’ ಎಂದು ಬಿಡಿಸಿ ಹೇಳಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ತವರ-ಸೀಸದ ಮಿಶ್ರಣವನ್ನೂ 1,500 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಉಕ್ಕನ್ನೂ ಕೈಯಲ್ಲಿ ಹಿಡಿದವರು ಯಾರೂ ಅದಲು ಬದಲು ಮಾಡಿಕೊಳ್ಳುವುದಿಲ್ಲ.

ಗೆಳೆಯರಿಗೆ ಈಗ ಹೀಗೆ ತಿದ್ದಿ ಬರೆದಿದ್ದೇನೆ: ‘ತೇಪೆ ಅಲುಗದಂತೆ ಇಂಚಿಗೊಂದು ಹಿಡಿಬೆಸುಗೆ ಹಾಕಿ. ತಣಿದ ಮೇಲೆ ಒಂದು ಹಿಡಿಬೆಸುಗೆಯಿಂದ ಇನ್ನೊಂದಕ್ಕೆ, ನಡುವೆ ಸಂದು ಉಳಿಯದಂತೆ, ಬೆಸೆಯುತ್ತಾ ಬನ್ನಿ. ಎಲ್ಲ ಕಡೆ ಕಚ್ಚಿದೆ ಎಂದು ಖಚಿತವಾದ ಮೇಲಷ್ಟೇ ಉಜ್ಜಿ.’ ಇದರಲ್ಲಿ ಬೇರೆ ಅರ್ಥಕ್ಕೆ ಎಡೆ ಕೊಡುವ ಪದ ಇನ್ನೂ ಇದೆಯೇ? ತಗಡಿನ ಕೆಲಸದವರೋ, ಕಮ್ಮಾರರೋ, ಅಕ್ಕಸಾಲಿಗರೋ ಟ್ಯಾಕ್‌ಗೆ ಬಳಸುವ ಹಳೆಯ ಮಾತೊಂದು ನಿಮ್ಮ ಕಿವಿಗೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ.