ಆರ್ ಭಾಷೆ: ಗ್ರಾಫ್, ಸೇವ್, ಲೋಡ್ (ರವಿವಾರದ ಪ್ರಶ್ನೋತ್ತರ)

ಅಡ್ಮಿನ್: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಥೀಸಿಸ್ ಬರಿಯಾವ್ರ ಸಲುವಾಗಿ ಇವತ್ತು ಆರ್ (ಅಂಕಿ-ಅಂಶದ ಲೆಕ್ಕ ಮಾಡಿ ಗ್ರಾಫ್ ತಗಿಯೂ ಕಂಪ್ಯೂಟರ್ ಭಾಷೆ) ಬಗ್ಗೆ ಕೇಳ್ರಿ. ಉತ್ತರ ಕೊಡಾವ್ರು ಧಾರವಾಡದ ಸಂಖ್ಯಾಶಾಸ್ತ್ರಜ್ಞರು. ಕಮಾಂಡ್ ಕನ್ನಡ ಅಕ್ಷರದಾಗ ಬರೀತೀವಿ, ಟೈಪ್ ಮಾಡುವಾಗ ಇಂಗ್ಲಿಷಿನ್ಯಾಗ ಹಾಕ್ಕೋರಿ.

ನವಲೂರ ಪೇರಲ: ನಮಸ್ಕಾರ ಸರ್. ಪಿಎನ್‌ಜಿ ಫೈಲ್ ಆಗೇದ, ತೆರದ್ರ ಏನೂ ಕಾಣೂದಿಲ್ಲ.

ಉತ್ತರ: ನಮಸ್ಕಾರ್ರಿ. ಗ್ರಾಫ್ ತಗದ ಮ್ಯಾಲೆ ಡೆವ್-ಡಾಟ್-ಆಫ್ ಕೊಟ್ಟಿಲ್ಲ. ಅದನ್ನ ಕೊಡೂ ತನಕ ಫೈಲ್ ಮುಚ್ಚೂದಿಲ್ಲ. ಅಳತಿ ಹೇಳದಿದ್ರ 480×480 ಪಿಕ್ಸೆಲ್ ಅಷ್ಟ ಬರ್ತದ. ಅಗಲ 6, ಎತ್ತರ 4, ಯೂನಿಟ್ಸ್ ಇಂಚು, ರೆಸ್ (ಇಂಚಿಗೆ ಎಷ್ಟು ಪಿಕ್ಸೆಲ್) 300 ಅಂತ ಕೊಡ್ರಿ, 1800×1200 ಆಗ್ತದ.

ಬ್ಯಾಡಗಿ ಕೆಂಪು: ಸರ್, ಗದಗ ಮತ್ತ ಹಾವೇರಿ ಮೆಣಸಿನಕಾಯಿ ಇಳುವರಿ ಎರಡು ಆರ್‌ಡೇಟಾ ಫೈಲಿನ್ಯಾಗ ಸೇವ್ ಮಾಡಿದ್ದೆ. ಲೋಡ್ ಮಾಡಿ ಗ್ರಾಫ್ ತಗದ್ರ ಎರಡೂ ಒಂದ ನಮೂನಿ. ಎರರ್ ಇಲ್ಲ. ಗೈಡ್‌ಗೆ ಕೊಟ್ಟೂ ಆತು.

ಉತ್ತರ: ಮೊದ್ಲ ಆ ಗ್ರಾಫ್ ವಾಪಸ್ ಇಸ್ಕೋರಿ. ಎರಡೂ ಫೈಲಿನೊಳಗ ಆಬ್ಜೆಕ್ಟಿನ (ಆರ್ ಒಳಗ ಹೆಸರಿಟ್ಟು ಕೂಡಿಸಿದ ಡೇಟಾ) ಹೆಸರು 'ಡಿಎಫ್' ಅಂತನೋ ಏನೋ ಒಂದ ಇರ್ತದ. ಸೇವ್ ಕಮಾಂಡು ಆಬ್ಜೆಕ್ಟಿನ ಜೋಡಿ ಅದರ ಹೆಸರನ್ನೂ ಒಳಗ ಇಡ್ತದ, ಲೋಡ್ ಅಂದಾಗ ಅದ ಹೆಸರಿಲೆ ಹೊರಗ ಬರ್ತದ. ಫೈಲಿಗೆ ನೀವಿಟ್ಟ ಹೆಸರು ಅಲ್ಲಿ ಲೆಕ್ಕಕ್ಕಿಲ್ಲ. ಎರಡನೇ ಡಿಎಫ್ ಬಂದು ಮೊದಲ್ನೇದರ ಜಾಗಾದಾಗ ಕೂಡ್ತದ, ಕೇಳೂದಿಲ್ಲ, ಎಚ್ಚರಿಸೂದಿಲ್ಲ. 'ಗದಗ' ಅಂತ ಹೆಸರು ಕೊಟ್ಟು ಅದಕ್ಕ ಲೋಡ್ ಹಚ್ಚಿದ್ರ ಇನ್ನೂ ಮೋಸ: ಕೈಗೆ ಬರೂದು ಡೇಟಾ ಅಲ್ಲ, ಬರೇ 'ಡಿಎಫ್' ಅನ್ನೂ ಹೆಸರು.

ಈಗ ಹಿಂಗ ಮಾಡ್ರಿ. ಹೊಸ ಸೆಷನ್ ತಗದು ಗದಗದ್ದು ಒಂದ ಲೋಡ್ ಮಾಡ್ರಿ, ತಕ್ಷಣ ಸೇವ್‌ಆರ್‌ಡಿಎಸ್ ಕೊಟ್ಟು ಬ್ಯಾರೆ ಫೈಲಿಗೆ ಹಾಕ್ರಿ. ಆಮ್ಯಾಲೆ ಹಾವೇರಿದು. ಆರ್‌ಡಿಎಸ್ ಒಳಗ ಹೆಸರು ಇರೂದಿಲ್ಲ, ಒಂದ ಆಬ್ಜೆಕ್ಟ್ ಇರ್ತದ. ರೀಡ್‌ಆರ್‌ಡಿಎಸ್ ಮಾಡುವಾಗ ಹೆಸರು ನೀವ ಇಡಬೇಕು. ಕಡೀಕ ಐಡೆಂಟಿಕಲ್ ಹಚ್ಚಿ ಎರಡನ್ನೂ ಹೋಲಿಸ್ರಿ. ಟ್ರೂ ಬಂತಂದ್ರ ಸೇವ್ ಮಾಡುವಾಗಲೇ ಕೆಟ್ಟಾವ, ಮೂಲ ಎಕ್ಸೆಲ್‌ಗೆ ಹೋಗ್ರಿ.

ಗದಗ ಗಾಳಿ: ಇಷ್ಟ್ಯಾಕ್ರಿ? ಸ್ಕ್ರಿಪ್ಟಿನ ಮೊದಲ್ನೇ ಸಾಲಿಗೆ ಎಲ್ಲಾ ಆಬ್ಜೆಕ್ಟ್ ಅಳಿಸೂ ಆರ್‌ಎಂ, ಲಿಸ್ಟ್ ಈಕ್ವಲ್ ಟು ಎಲ್‌ಎಸ್ ಹಾಕಿದ್ರ ಎಲ್ಲಾ ಸಮಸ್ಯೆ ಹೋಗ್ತಾವಂತ. ಫಾರ್ವರ್ಡ್ ಬಂದದ.

ಉತ್ತರ: ಆ ಸಾಲಿನ ಕೆಳಗ ಎರಡು ಲೋಡ್ ಕೊಟ್ರ ಮತ್ತ ಅದ ತಪ್ಪು. ಪ್ಯಾಕೇಜು, ಆಪ್ಷನ್ಸ್ ಏನೂ ಅಳಿಸೂದಿಲ್ಲ ಅದು. ಆರ್‌ಸ್ಟುಡಿಯೋದಾಗ (ಆರ್ ಬರದು ಓಡಿಸೂ ಸಾಫ್ಟ್‌ವೇರ್) ಕಂಟ್ರೋಲ್-ಶಿಫ್ಟ್-ಎಫ್10 ಒತ್ತಿ ಸೆಷನ್ ಹೊಸಾದು ಮಾಡ್ರಿ.

ಉಣಕಲ್ ಕೆರೆ: 'ಫಿಗರ್ ಮಾರ್ಜಿನ್ಸ್ ಟೂ ಲಾರ್ಜ್' ಅಂತಿತ್ತು. ವಾಟ್ಸ್ಯಾಪಿನ್ಯಾಗ ಬಂದಂಗ ಪಾರ್ ಕಮಾಂಡಿನೊಳಗ ಮಾರ್ (ಗ್ರಾಫಿನ ಅಂಚು) ನಾಕೂ ಕಡೆ 1 ಸಾಲು ಮಾಡಿದೆ. ಎರರ್ ಹೋತು, ಅಕ್ಷದ ಹೆಸರೂ ಹೋತು.

ಉತ್ತರ: ಹೋಗದ ಏನ್ ಮಾಡೀತು? ಅಕ್ಷದ ಹೆಸರು ಅಂಚಿನ ಮೂರನೇ ಸಾಲಿನ್ಯಾಗ ಕೂಡ್ತದ, ನೀವು ಬಿಟ್ಟದ್ದು ಒಂದ ಸಾಲು. ಮೂಲ ಅಳತಿ 5.1, 4.1, 4.1, 2.1, ಅದನ್ನ ವಾಪಸ್ ಹಾಕ್ರಿ. ತಪ್ಪು ಅಂಚಿಂದಲ್ಲ, ಪ್ಲಾಟ್ಸ್ ಕಿಟಕಿ ಸಣ್ಣದಾಗೇದ. ಎಳದು ದೊಡ್ಡದು ಮಾಡ್ರಿ.

ಹಾನಗಲ್ಲ ಭತ್ತ: ಪಿಡಿಎಫ್ ಒಳಗ ಕನ್ನಡದ ಬದಲಿ ಚುಕ್ಕಿ ಬರ್ತಾವ ಸರ್.

ಗದಗ ಗಾಳಿ: ಗ್ರಾಫಿಗೆ ಕನ್ನಡ ಯಾಕ ಬೇಕ್ರಿ? ಜರ್ನಲ್‌ನವ್ರು ತಗೋತಾರೇನು?

ಹಾನಗಲ್ಲ ಭತ್ತ: ರೈತರಿಗೆ ತೋರಿಸಾಕ್ರಿ. ನಿಮ್ಮ ಜರ್ನಲ್ ಅವ್ರು ಓದ್ತಾರೇನು?

ಗದಗ ಗಾಳಿ: ಕೇಳಿದ್ದಕ್ಕ ಇಷ್ಟ್ ಸಿಟ್ಟು ಬಂತಲ್ರಿ.

ಬ್ಯಾಡಗಿ ಕೆಂಪು: ಸರ್, ಐಡೆಂಟಿಕಲ್ ಫಾಲ್ಸ್ ಬಂತು.

ಉತ್ತರ: ಛಲೋ ಆತು, ಡೇಟಾ ಉಳೀತು. ಹಾನಗಲ್‌ನವರ, ಮಾಮೂಲಿ ಪಿಡಿಎಫ್ ಡಿವೈಸಿಗೆ ಕನ್ನಡ ಬರೂದಿಲ್ಲ. ಕೈರೋ-ಪಿಡಿಎಫ್ ಕೊಟ್ರ ಅಕ್ಷರ ಬರ್ತಾವ, ಆದ್ರ ವಿಂಡೋಸಿನ್ಯಾಗ 'ಹತ್ತಿ', 'ಭತ್ತ' ಅಂತ ಬರದು ಒತ್ತಕ್ಷರ ಒಡದಾವೇನು ನೋಡ್ಕೋರಿ. ರ‍್ಯಾಗ್ ಪ್ಯಾಕೇಜಿನ ಎಜಿಜಿ-ಪಿಎನ್‌ಜಿ ಒತ್ತಕ್ಷರ ಸರಿ ಕೂಡಿಸ್ತದ. ಫಾಂಟು ನೋಟೊ ಸಾನ್ಸ್ ಕನ್ನಡ ಇಲ್ಲಾ ನಿರ್ಮಲಾ ಯುಐ.

ಹೊಸ ಸದಸ್ಯ: ಸರ್ ಪಿಎನ್‌ಜಿ ಖಾಲಿ ಬರ್ತದ.

ಉತ್ತರ: ಮ್ಯಾಲೆ ಓದ್ರಿ.

ಹೊಸ ಸದಸ್ಯ: ಡೆವ್-ಡಾಟ್-ಆಫ್ ಕೊಟ್ಟೀನಿ ಸರ್. ಫಾರ್ ಲೂಪ್ (ಒಂದ ಕೆಲಸ ಮತ್ತ ಮತ್ತ ಮಾಡಸೂದು) ಒಳಗ ಜಿಜಿಪ್ಲಾಟ್ ಪ್ಯಾಕೇಜಿನ ಗ್ರಾಫ್ ಅದ.

ಉತ್ತರ: ಹಂಗ ಮೊದ್ಲ ಹೇಳಬೇಕ್ರಿ. ಲೂಪಿನೊಳಗ ಪ್ರಿಂಟ್ ಕೊಡದ ಅದು ಬಿಡಿಸೂದಿಲ್ಲ.

ಸಿರಸಂಗಿ ಜೋಳ: ಪ್ಲಾಟ್ ಕಮಾಂಡಿನ ಗ್ರಾಫನ್ನ ಆರ್‌ಡಿಎಸ್ ಮಾಡಿಟ್ಟೆ, ಓದಿದ್ರ ನಲ್ (ಖಾಲಿ) ಅಂತದ.

ಉತ್ತರ: ಪ್ಲಾಟ್ ಚಿತ್ರ ಬಿಡಿಸ್ತದ, ಕೈಗೆ ಏನೂ ಕೊಡೂದಿಲ್ಲ. ಡೇಟಾ ಮತ್ತ ಸ್ಕ್ರಿಪ್ಟ್ ಇಟ್ಕೋರಿ.

ಉಣಕಲ್ ಕೆರೆ: ತಾಲೂಕಿನ ನಕಾಶೆಗೆ ಬಣ್ಣಾ ತುಂಬೂದು ಹೆಂಗ ಸರ್?

ಗದಗ ಗಾಳಿ: ನನ್ನ ಪೂರ್ತಿ ವರ್ಕ್‌ಸ್ಪೇಸ್ ಆರ್‌ಡೇಟಾ ಹಾಕೇನಿ. ಎಲ್ಲಾರೂ ಲೋಡ್ ಮಾಡ್ಕೋರಿ, ಬಣ್ಣದ ಕೋಡ್ ಅದರಾಗದ.

ಉತ್ತರ: ಯಾರೂ ಲೋಡ್ ಮಾಡಬ್ಯಾಡ್ರಿ. ಅಡ್ಮಿನ್, ಆ ಫೈಲ್ ತಗೀರಿ. ಬರೇ ಡೇಟಾ ಅಂತ ತಿಳಿಬ್ಯಾಡ್ರಿ, ಅದರಾಗ ಫಂಕ್ಷನ್ನೂ ಕೂತಿರ್ತಾವ. ಆರ್ 4.4.0ಕ್ಕಿಂತ ಹಳೇದರಾಗ ಇಂಥ ಫೈಲಿನೊಳಗ ಅಡಗಿಸಿಟ್ಟ ಕೋಡು ತಾನ ಓಡೂ ದೋಷ ಇತ್ತು, 2024ರಾಗ ಸರಿ ಮಾಡಿದ್ರು. ಹೊಸ ಆವೃತ್ತಿ ಇದ್ರೂ ಗೊತ್ತಿಲ್ಲದ ಫೈಲ್ ತೆರೀಬಾರದು. ಡೇಟಾ ಹಂಚಬೇಕಂದ್ರ ಸಿಎಸ್‌ವಿ, ಕೋಡ್ ಅಂದ್ರ ಬರೇ ಸ್ಕ್ರಿಪ್ಟ್.

ಗದಗ ಗಾಳಿ: ನನ್ನ ಮ್ಯಾಲೆ ಸಂಶೇ ಏನ್ರಿ?

ಉತ್ತರ: ಫೈಲ್ ಮ್ಯಾಲೆ.

ಅಡ್ಮಿನ್: ಫೈಲ್ ತಗದೀನಿ. ಜಗಳ ಬ್ಯಾಡ್ರಿ.

ಇನ್ನೊಬ್ಬ ಸದಸ್ಯ: ಸರ್, ಪಿಎನ್‌ಜಿ ತೆರಿಯೂದಿಲ್ಲ, ಯಾಕ?