ಎಂಟನೇ ತರಗತಿಗೆ ಪ್ರಥಮ ಭಾಷೆ ಕನ್ನಡವೋ ಸಂಸ್ಕೃತವೋ?

ಗದಗದ ತಾಯಿ: ಮಗಳು ಈ ವರ್ಷ ಎಂಟನೇ ತರಗತಿಗೆ ಹೋಗುತ್ತಾಳೆ. ಪ್ರಥಮ ಭಾಷೆಗೆ ಸಂಸ್ಕೃತ ತಗೊಂಡರೆ ಅಂಕ ಜಾಸ್ತಿ ಬರುತ್ತವೆ ಅಂತ ಓಣಿಯವರೆಲ್ಲ ಹೇಳುತ್ತಿದ್ದಾರೆ, ಆದರೆ ಅವಳಿಗೆ ಕನ್ನಡ ಅಂದ್ರೆ ಪ್ರಾಣ. ಏನು ಮಾಡಲಿ?

ಧಾರವಾಡದ ಶಿಕ್ಷಕಿ: ಅಕ್ಕಾ, ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೇ 125, ಉಳಿದ ಐದು ವಿಷಯಕ್ಕೆ ತಲಾ 100, ಅದಕ್ಕೇ ಜನ ಹೀಗೆ ಲೆಕ್ಕ ಹಾಕುತ್ತಾರೆ. ಸಂಸ್ಕೃತ ತಗೊಂಡರೂ ಕನ್ನಡವನ್ನು ದ್ವಿತೀಯ ಇಲ್ಲವೇ ತೃತೀಯ ಭಾಷೆಯಾಗಿ ಓದಬೇಕು, ಆದರೆ ಆ ಪಠ್ಯ ಹಗುರ. ಹಳಗನ್ನಡ, ಛಂದಸ್ಸು, ಅಲಂಕಾರ ಎಲ್ಲ ಚೆನ್ನಾಗಿ ಸಿಗುವುದು ಪ್ರಥಮ ಭಾಷೆಯಲ್ಲೇ. ಇಷ್ಟಪಟ್ಟು ಓದುವ ಹುಡುಗಿಗೆ ಅದನ್ನು ತಪ್ಪಿಸುವುದು ಅನ್ಯಾಯ ಅಲ್ವಾ?

ಹಾವೇರಿಯ ತಂದೆ: ತೃತೀಯ ಭಾಷೆಯನ್ನೂ ವಿಚಾರ ಮಾಡಿರಿ. ಸುಮ್ನೆ ಹಿಂದಿ ಅಂತ ಬರೆಸಬೇಡಿ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಅದರ ಬದಲು ಐಟಿ, ಆಟೊಮೊಬೈಲ್, ರಿಟೇಲ್‌ನಂಥ ವೃತ್ತಿ ವಿಷಯ ತಗೋಬಹುದು. ನನ್ನ ಮಗ ಆಟೊಮೊಬೈಲ್ ತಗೊಂಡ, ಈಗ ಶಾಲೆಗೆ ಓಡಿ ಹೋಗುತ್ತಾನೆ.

ಹುಬ್ಬಳ್ಳಿಯಿಂದ: ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಭಾಷೆಯನ್ನು ಅಲ್ಲಿ ಮತ್ತೆ ಆರಿಸಬಹುದು. ಅದಕ್ಕೆ ಈಗಲೇ ಹೆದರಬೇಡಿ, ಆದರೆ ಶಾಲೆಯಲ್ಲಿ ಯಾವ ಭಾಷೆಗೆ ಕಾಯಂ ಶಿಕ್ಷಕರಿದ್ದಾರೆ ಅಂತ ಮೊದಲು ಕೇಳಿ.

ಗದಗದ ತಾಯಿ: ಕನ್ನಡವನ್ನೇ ಬರೆಸುತ್ತೇನೆ. ಐಟಿ ಇದೆಯಾ ಅಂತ ಸೋಮವಾರ ಹೋಗಿ ಕೇಳುತ್ತೇನೆ.