ಜಿಪ್, ಐಎಸ್‌ಒ ಫೈಲ್‌ಗಳೊಳಗೂ ವೈರಸ್ ಸೇರುತ್ತಾ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಫ್ಲೆಕ್ಸ್, ಜೆರಾಕ್ಸ್ ಎಲ್ಲ ಮಾಡುತ್ತೇವೆ. ಹೋದ ಸೋಮವಾರ ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಬಂತು. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟವು. ಹತ್ತು ವರ್ಷದ ಕಾರ್ಡ್ ಡಿಸೈನುಗಳನ್ನು ಜಿಪ್ ಮಾಡಿ ಇಟ್ಟಿದ್ದೇನೆ. ಹಳೇ ಸಾಫ್ಟ್‌ವೇರ್ ಸಿಡಿಗಳ ಐಎಸ್‌ಒ (ಇಡೀ ಸಿಡಿಯನ್ನೇ ಒಂದು ಫೈಲ್ ಮಾಡಿದ್ದು) ಕೂಡ ಅದೇ ಸಿಸ್ಟಮ್‌ನಲ್ಲಿವೆ. ಅವುಗಳೊಳಗೂ ವೈರಸ್ ಸೇರಿರುತ್ತಾ? ಎಲ್ಲ ಅಳಿಸಬೇಕಾ?

ಉತ್ತರ: ಅಳಿಸಬೇಡಿ ಮೇಡಂ, ಹತ್ತು ವರ್ಷದ ದುಡಿಮೆ ಅದು. ಈ ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ಫೋಲ್ಡರ್ ಅಳಿಸುವುದಿಲ್ಲ. ಅದನ್ನು ಅಡಗಿಸಿ, ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಡುತ್ತದೆ.

ಇನ್ನು ಜಿಪ್ ವಿಷಯ. ವೈರಸ್ ಅನ್ನುವುದು ಒಂದು ಪ್ರೋಗ್ರಾಂ, ರನ್ ಆದರೆ ಮಾತ್ರ ಅದರ ಆಟ. ಜಿಪ್ ರನ್ ಆಗುವ ಫೈಲ್ ಅಲ್ಲ, ಬಾಯಿ ಹೊಲಿದ ಚೀಲ. ಒಳಗಿನ ಒಂದೊಂದು ಫೈಲಿಗೂ ಸಿಆರ್‌ಸಿ ಅಂತ ಒಂದು ತಾಳೆ ಸಂಖ್ಯೆ ಇರುತ್ತದೆ. ಆ ಫೈಲಿನ ಒಂದು ಬೈಟ್ ಆಚೀಚೆ ಆದರೂ ಬಿಚ್ಚುವಾಗ ಎರರ್ ಬರುತ್ತದೆ. ಜಿಪ್‌ಗೆ ತನ್ನ ಪ್ರತಿಯನ್ನು ಸರಿಯಾಗಿ ಸೇರಿಸಿಬಿಡುವ ವೈರಸ್‌ಗಳೂ ಬಂದಿವೆ, ಆದರೆ ಕಡಿಮೆ. ಜಾಸ್ತಿ ಆಗುವುದು ಬೇರೆ ತರ. ಹುಳ ಬಿದ್ದ ಮೆಕ್ಕೆಜೋಳವನ್ನೇ ಚೀಲಕ್ಕೆ ತುಂಬಿ ಹೊಲಿದರೆ ಹುಳ ಎಲ್ಲಿ ಹೋಗುತ್ತದೆ? ಒಳಗೇ ಇರುತ್ತದೆ. ಹಾಗಾಗಿ ಆ ಸೋಮವಾರಕ್ಕಿಂತ ಮೊದಲು ಮಾಡಿದ ಜಿಪ್‌ಗಳ ಬಗ್ಗೆ ಭಯ ಕಡಿಮೆ. ಆಮೇಲೆ ಮಾಡಿದವು ಯಾವುವು ಅಂತ ದಿನಾಂಕ ನೋಡಿ.

ಒಂದು ಎಚ್ಚರಿಕೆ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೆ ಅದು ಜಿಪ್ ಒಳಗೆ ಹೋಗುವುದೇ ಇಲ್ಲ, ಇಡೀ ಜಿಪ್‌ಗೇ ಬೀಗ ಹಾಕುತ್ತದೆ. ಅದೇ ಸಿಸ್ಟಮ್‌ನಲ್ಲಿರುವ ಪ್ರತಿಯನ್ನು ದಯವಿಟ್ಟು ಬ್ಯಾಕಪ್ ಅಂದುಕೊಳ್ಳಬೇಡಿ. ಸಿಸ್ಟಮ್ ಕ್ಲೀನ್ ಆದ ಮೇಲೆ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ, ಕೇಬಲ್ ತೆಗೆದಿಡಿ.

ಪ್ರಶ್ನೆ (ಚಿತ್ರದುರ್ಗದಿಂದ): ಪಾಸ್‌ವರ್ಡ್ ಹಾಕಿದ ಜಿಪ್ ಇನ್ನೂ ಸೇಫ್ ಅಲ್ವಾ ಸರ್?

ಉತ್ತರ: ಬೇರೆಯವರು ಕಳಿಸಿದ್ದಾದರೆ ಉಲ್ಟಾ. ಪಾಸ್‌ವರ್ಡ್ ಇದ್ದರೆ ಆ್ಯಂಟಿವೈರಸ್‌ಗೂ ಒಳಗಿನ ಫೈಲ್ ಓದಲು ಆಗಲ್ಲ. 2004ರಲ್ಲಿ ಬೇಗಲ್ ಅನ್ನೋ ವರ್ಮ್ (ಮೇಲ್ ಮೂಲಕ ಹರಡುವ ವೈರಸ್) ಇದನ್ನೇ ಬಳಸಿಕೊಂಡಿತು. ಬೀಗ ಹಾಕಿದ ಜಿಪ್, ಅದೇ ಮೇಲ್‌ನಲ್ಲಿ ಪಾಸ್‌ವರ್ಡು. ಜನ ತಾವೇ ಬಿಚ್ಚಿ ಕ್ಲಿಕ್ ಮಾಡಿದರು.

ಐಎಸ್‌ಒ ಬಗ್ಗೆ ನನಗೆ ಇನ್ನೂ ಜಾಸ್ತಿ ಕಾಳಜಿ. ನೆಟ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಾಕುತ್ತದೆ. ರನ್ ಮಾಡಲು ಹೋದಾಗ ಎಚ್ಚರಿಸುವುದು ಆ ಗುರುತು ನೋಡಿಯೇ. ಐಎಸ್‌ಒ ಒಳಗಿನ ಫೈಲ್‌ಗಳಿಗೆ ಆ ಗುರುತು ಬರುತ್ತಲೇ ಇರಲಿಲ್ಲ. ಮೈಕ್ರೋಸಾಫ್ಟ್ ಇದನ್ನು ಸರಿ ಮಾಡಿದ್ದು 2022ರ ನವೆಂಬರ್‌ನಲ್ಲಿ. ಅಪ್‌ಡೇಟ್ ಮಾಡದ ಸಿಸ್ಟಮ್ ಇನ್ನೂ ಹಾಗೇ ಇದೆ. ಜಿಪ್ ಬಿಚ್ಚಲು ವಿನ್‌ರಾರ್ ಸಾಫ್ಟ್‌ವೇರ್ ಬಳಸುವವರೂ ನೋಡಿಕೊಳ್ಳಿ. 6.23ಕ್ಕಿಂತ ಹಳೆಯದರಲ್ಲಿ, ಜಿಪ್ ಒಳಗಿನ ಫೋಟೋ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬೇರೆ ಪ್ರೋಗ್ರಾಂ ರನ್ ಆಗುವಂಥ ದೋಷ ಇತ್ತು.

ಪ್ರಶ್ನೆ (ಮತ್ತೆ ದಾವಣಗೆರೆಯಿಂದ): ಇಡೀ ಸಿ ಡ್ರೈವ್‌ನ ಇಮೇಜ್ ತೆಗೆದಿಟ್ಟಿದ್ದೇನೆ ಸರ್. ಅದನ್ನೇ ವಾಪಸ್ ಹಾಕಿದರೆ ಆಯ್ತಲ್ವಾ?

ಉತ್ತರ: ಯಾವಾಗ ತೆಗೆದದ್ದು? ಈ ತಪ್ಪು ನಾನೇ ಮಾಡಿದ್ದೇನೆ. ಒಬ್ಬರ ಸಿಸ್ಟಮ್‌ಗೆ ಇಮೇಜ್ ವಾಪಸ್ ಹಾಕಿಕೊಟ್ಟೆ. ಮಾರನೇ ದಿನ ಅದೇ ಶಾರ್ಟ್‌ಕಟ್‌ಗಳು. ಇಮೇಜ್ ತೆಗೆಯುವ ಹೊತ್ತಿಗೇ ವೈರಸ್ ಒಳಗಿತ್ತು. ಇಮೇಜ್ ಅಂದರೆ ಡ್ರೈವ್‌ನ ಪಡಿಯಚ್ಚು, ಇದ್ದದ್ದು ಇದ್ದ ಹಾಗೇ ಬರುತ್ತದೆ.

ಪ್ರಶ್ನೆ: ಇಮೇಜ್ ಯುಗಾದಿ ಟೈಮ್‌ನದ್ದು ಸರ್, ಆಗ ಏನೂ ತೊಂದರೆ ಇರಲಿಲ್ಲ. ಜಿಪ್‌ಗಳ ದಿನಾಂಕ ನೋಡಿದೆ. ಎರಡು ಮಾತ್ರ ಸೋಮವಾರದ ನಂತರದ್ದು. ಒಂದರೊಳಗೆ "ಮದುವೆ ಫೋಟೋ" ಅಂತ ಫೈಲ್ ಇದೆ. ಹೆಸರು ಫೋಟೋದ್ದೇ, ಪಕ್ಕದಲ್ಲಿ ಮಾತ್ರ ಅಪ್ಲಿಕೇಶನ್ ಅಂತಿದೆ.

ಉತ್ತರ: ಅದನ್ನು ಮುಟ್ಟಬೇಡಿ ಮೇಡಂ. ಫೋಟೋ ಯಾವತ್ತೂ ಅಪ್ಲಿಕೇಶನ್ ಆಗಿರಲ್ಲ. ಆ್ಯಂಟಿವೈರಸ್ ಅಪ್‌ಡೇಟ್ ಮಾಡಿ, ಎರಡೂ ಜಿಪ್‌ಗಳನ್ನು ಬಿಚ್ಚದೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಏನು ಬಂತು ಅಂತ ಇಲ್ಲೇ ತಿಳಿಸಿ. ಅಲ್ಲಿವರೆಗೆ ಆ ಸಿಸ್ಟಮ್‌ಗೆ ಗಿರಾಕಿಗಳ ಪೆನ್‌ಡ್ರೈವ್ ಹಾಕಬೇಡಿ, ಅವರ ಮನೆಗೂ ಹೋಗಿಬಿಡುತ್ತದೆ.